₹30,000ದಲ್ಲಿ ನೂಲಿನ ವ್ಯಾಪಾರ: ಕಲಬುರಗಿ ಭಾಗದಲ್ಲಿ ಶುರು ಮಾಡುವವರಿಗೆ ಹಂತ ಹಂತದ ಮಾರ್ಗದರ್ಶಿ

ಉಲ್ಲನ್, ಕುಚ್ಚಿನ ದಾರ, ಕ್ರೋಶಾ (ಕೊಕ್ಕೆ ಸೂಜಿಯ ಹೆಣಿಗೆ) ನೂಲು ಮಾರಲು ಹೊರಟವರು ಬಹುತೇಕ ಒಂದೇ ಕಡೆ ಎಡವುತ್ತಾರೆ. ಕೈಯಲ್ಲಿದ್ದ ರೊಕ್ಕವೆಲ್ಲ ಮೊದಲ ಖರೀದಿಯಲ್ಲೇ ಬಣ್ಣಬಣ್ಣದ ಉಂಡೆಗಳಾಗಿ ಕಪಾಟು ಸೇರಿಬಿಡುತ್ತದೆ. ಅರವತ್ತು ಬಣ್ಣ ಇರುತ್ತವೆ, ಒಂದೊಂದರಲ್ಲೂ ಎರಡೇ ಉಂಡೆ. ತೋರಣ ಮಾಡುವ ಹೆಣ್ಣುಮಗಳು ಬಂದು ಕೇಸರಿ ಬಣ್ಣದ ಹತ್ತು ಉಂಡೆ ಕೇಳಿದರೆ ಇರುವುದಿಲ್ಲ. ಯಾರೂ ಕೇಳದ ಬೂದು, ಪಿಸ್ತಾ, ತಿಳಿ ನೇರಳೆ ವರ್ಷವಾದರೂ ಕದಲುವುದಿಲ್ಲ. ಮಾಲು ಕಣ್ಣಿಗೆ ತುಂಬ ಕಾಣುತ್ತದೆ, ಗಲ್ಲಾ ಮಾತ್ರ ಖಾಲಿ.

ಇದಕ್ಕೆ ಕಾರಣ ಬಂಡವಾಳ ಕಡಿಮೆಯಾದದ್ದಲ್ಲ, ಕೆಲಸದ ಕ್ರಮ ತಪ್ಪಿದ್ದು. ಗಿರಾಕಿ ಯಾರೆಂದು ಮೊದಲು ಗೊತ್ತಾಗಬೇಕು, ಆಮೇಲೆ ಸರಕು, ಅಂಗಡಿ ಕಟ್ಟಕಡೆಗೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಹಾರಿಸಿ ಮುಂದಿನದಕ್ಕೆ ಹೋಗಬೇಡಿ.

## ಹಂತ 1: ಸುತ್ತಮುತ್ತ ಯಾರು ಏನು ಮಾಡುತ್ತಾರೆ, ಬರೆದುಕೊಳ್ಳಿ

ನೂಲು ನೇರವಾಗಿ ಬಳಸುವ ವಸ್ತುವಲ್ಲ. ಅದರಿಂದ ಯಾರೋ ಏನೋ ಮಾಡಬೇಕು. ಹಾಗಾಗಿ ಮೊದಲ ಎರಡು ವಾರ ಏನನ್ನೂ ಕೊಳ್ಳಬೇಡಿ. ಒಂದು ನೋಟ್‌ಬುಕ್ ಹಿಡಿದು ಓಣಿ, ಸ್ವಸಹಾಯ ಸಂಘ, ಟೈಲರ್ ಅಂಗಡಿ, ಹುಡುಗಿಯರ ಹಾಸ್ಟೆಲ್ ಸುತ್ತಿ. ಏನು ಮಾಡುತ್ತೀರಿ, ಯಾವ ದಾರ, ತಿಂಗಳಿಗೆ ಎಷ್ಟು, ಈಗ ಎಲ್ಲಿಂದ ತರುತ್ತೀರಿ, ಯಾವುದು ಸಿಗುತ್ತಿಲ್ಲ ಎಂಬ ಐದು ಪ್ರಶ್ನೆ ಸಾಕು. ಕೊನೆಯ ಪ್ರಶ್ನೆಯ ಉತ್ತರವೇ ನಿಮ್ಮ ವ್ಯಾಪಾರ.

ನಮ್ಮ ಕಡೆ ಸಾಮಾನ್ಯವಾಗಿ ಸಿಗುವ ಗಿರಾಕಿಗಳು ಇವರು. ಸೀರೆಗೆ ಕುಚ್ಚು ಕಟ್ಟುವವರು ವರ್ಷವಿಡೀ ದಾರ ಕೊಳ್ಳುತ್ತಾರೆ, ಮದುವೆ ಕಾಲಕ್ಕೆ ಇನ್ನೂ ಹೆಚ್ಚು. ಉಲ್ಲನ್ ತೋರಣ, ಚೆಂಡು ಹೂವಿನ ಮಾಲೆ ಮಾಡುವವರಿಗೆ ಶ್ರಾವಣದಿಂದ ದೀಪಾವಳಿವರೆಗೆ ಬಿಡುವಿಲ್ಲ. ಎತ್ತುಗಳಿಗೆ ಗೊಂಡೆ, ಹಣೆಪಟ್ಟಿ ಕಟ್ಟುವವರು ಕಾರಹುಣ್ಣಿಮೆಗೆ ಮುಂಚೆ ಬರುತ್ತಾರೆ. ಚಿಂಚೋಳಿ ಕಡೆಯ ತಾಂಡಾಗಳಲ್ಲಿ ಲಂಬಾಣಿ ಕಸೂತಿ, ಕುಚ್ಚಿನ ಕೆಲಸ ಗೊತ್ತಿರುವ ಹಿರಿಯ ಹೆಣ್ಣುಮಕ್ಕಳಿದ್ದಾರೆ. ಅವರಿಗೆ ಬೇಕಾದ ದಾರದ ದಪ್ಪ, ಬಣ್ಣ ಬೇರೆ. ಅವರನ್ನೇ ಕೇಳಿ ತಿಳಿಯಬೇಕು, ನಾವು ಊಹಿಸಬಾರದು. ಕಾಲೇಜು ಹುಡುಗಿಯರು ಮೊಬೈಲ್ ನೋಡಿ ಕ್ರೋಶಾ ಹೂ, ಕೀಚೈನ್, ಬ್ಯಾಗು ಹೆಣೆಯುತ್ತಾರೆ. ಅವರಿಗೆ ಬೇಕಾದದ್ದು ಮಿಲ್ಕ್ ಕಾಟನ್ ಎಂದು ಕರೆಯುವ ನಯವಾದ ನೂಲು.

ಸ್ವೆಟರ್ ಹೆಣೆಯುವವರನ್ನು ನಂಬಿ ವ್ಯಾಪಾರ ಶುರು ಮಾಡಬೇಡಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿದು. ಕೂಸಿನ ಕುಲಾಯಿ, ಕುಂಚಿಗೆ, ಮಫ್ಲರ್‌ಗೆ ಬೇಡಿಕೆ ಇರುವುದು ಎಳ್ಳಮಾವಾಸ್ಯೆ ಆಸುಪಾಸಿನ ಚಳಿಯಲ್ಲಿ ಮಾತ್ರ. ಬೀದರ್ ಎತ್ತರದಲ್ಲಿರುವುದರಿಂದ ಅಲ್ಲಿ ಚಳಿ ಜಾಸ್ತಿ, ಬೇಡಿಕೆಯೂ ಸ್ವಲ್ಪ ಹೆಚ್ಚು ದಿನ ಇರುತ್ತದೆ.

ಎಚ್ಚರಿಕೆಯ ಗುರುತು: ತಿಂಗಳಿಗೊಮ್ಮೆಯಾದರೂ ದಾರ ಕೊಳ್ಳುವ ಹದಿನೈದು ಹೆಸರು ಪಟ್ಟಿಯಲ್ಲಿ ಬಾರದಿದ್ದರೆ ಮುಂದೆ ಹೋಗಬೇಡಿ. “ನೀ ತಂದ್ರ ತಗೋತೀನಿ ಬಿಡು” ಎಂದವರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಈಗಾಗಲೇ ಎಲ್ಲಿಂದಲೋ ಕೊಳ್ಳುತ್ತಿರುವವರನ್ನು ಮಾತ್ರ ಎಣಿಸಿ.

## ಹಂತ 2: ರೊಕ್ಕವನ್ನು ಮೊದಲೇ ಹಂಚಿಡಿ

₹30,000 ಇದ್ದರೆ ನಾನು ಸೂಚಿಸುವ ಹಂಚಿಕೆ ಇದು: ಸರಕಿಗೆ ₹18,000, ಸಲಕರಣೆಗೆ ₹3,000, ಪ್ಯಾಕಿಂಗ್‌ಗೆ ₹1,500, ಓಡಾಟ ಮತ್ತು ಸಾಗಣೆಗೆ ₹2,000. ಉಳಿದ ₹5,500 ಮುಟ್ಟಬಾರದ ಹಣ. ಅದು ಎರಡನೇ ಖರೀದಿಗೆ.

ಈ ಕೊನೆಯ ಭಾಗವನ್ನೇ ಎಲ್ಲರೂ ಮೊದಲು ಖರ್ಚು ಮಾಡುತ್ತಾರೆ. ಮೊದಲ ತಿಂಗಳಲ್ಲಿ ಕೇಸರಿ, ಹಸಿರು ಖಾಲಿಯಾಗುತ್ತವೆ, ಉಳಿದವು ಕೂತಿರುತ್ತವೆ. ಆ ಎರಡು ಬಣ್ಣ ತಕ್ಷಣ ತರಲು ಕೈಯಲ್ಲಿ ರೊಕ್ಕವಿಲ್ಲದಿದ್ದರೆ ಬಂದ ಗಿರಾಕಿ ಬೇರೆ ಅಂಗಡಿ ನೋಡಿಕೊಳ್ಳುತ್ತಾಳೆ.

ಸಾಲ ಈಗ ಬೇಡ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ ₹50,000ದವರೆಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಆದರೆ ಯಾವ ಮಾಲು ಓಡುತ್ತದೆ ಎಂದು ಗೊತ್ತಾಗುವ ಮುಂಚೆ ತೆಗೆದ ಸಾಲ ಓಡದ ಮಾಲಾಗಿ ಕೂರುತ್ತದೆ. ಆರು ತಿಂಗಳ ಮಾರಾಟದ ಲೆಕ್ಕ ಕೈಯಲ್ಲಿದ್ದರೆ ಬ್ಯಾಂಕಿನಲ್ಲೂ ಮಾತು ಸಲೀಸು.

## ಹಂತ 3: ಬೇಕಾದ ಸಲಕರಣೆ

1 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ, ಕೈಯಿಂದ ತಿರುಗಿಸುವ ಉಂಡೆ ಸುತ್ತುವ ಯಂತ್ರ, ಟೇಪು, ಕತ್ತರಿ, ಬಿಳಿ ಹತ್ತಿ ಬಟ್ಟೆಯ ತುಂಡು, ಕಡ್ಡಿಪೆಟ್ಟಿಗೆ, ಇಕ್ಕಳ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗಳು. ಇಷ್ಟು ಸಾಕು. ಗಾಜಿನ ಶೋಕೇಸ್, ಬೋರ್ಡು, ವಿಸಿಟಿಂಗ್ ಕಾರ್ಡು ಈಗ ಬೇಡ.

ಡಬ್ಬಿಗೆ ಮುಚ್ಚಳ ಇರಲೇಬೇಕು. ಬೇಸಿಗೆಯ ಎರೆಮಣ್ಣಿನ ಧೂಳು ತಿಳಿ ಬಣ್ಣದ ನೂಲಿಗೆ ಅಂಟಿದರೆ ಝಾಡಿಸಿದರೂ ಹೋಗುವುದಿಲ್ಲ. ಕಿಟಕಿಯ ಬಿಸಿಲಿಗೂ ಇಡಬೇಡಿ. ಉಂಡೆಯ ಒಂದು ಮಗ್ಗುಲು ಮಾತ್ರ ಮಾಸಿದರೆ ಅದನ್ನು ಯಾರೂ ಕೊಳ್ಳುವುದಿಲ್ಲ.

## ಹಂತ 4: ಬಣ್ಣಗಳನ್ನು ಆರಿಸುವುದು

ಇಲ್ಲಿ ನಿಧಾನವಾಗಿ ಯೋಚಿಸಿ. ಇಡೀ ವ್ಯಾಪಾರದ ಲಾಭ ನಷ್ಟ ಇಲ್ಲೇ ತೀರ್ಮಾನವಾಗುತ್ತದೆ.

ಉಲ್ಲನ್‌ನಲ್ಲಿ ಬಣ್ಣ ಕಡಿಮೆ ಇರಲಿ, ಮಾಲು ಹೆಚ್ಚಿರಲಿ. ಒಂದು ತೋರಣಕ್ಕೆ ಒಂದೇ ಬಣ್ಣದ ಹಲವು ಉಂಡೆ ಬೇಕು. ಮೊದಲ ಖರೀದಿಗೆ ಎಂಟೇ ಬಣ್ಣ: ಕೇಸರಿ, ಹಳದಿ, ಎಲೆ ಹಸಿರು, ಕೆಂಪು, ಬಿಳಿ, ಕಪ್ಪು, ರಾಣಿ ಬಣ್ಣ, ಕಡುಗೆಂಪು. ಇವುಗಳಲ್ಲಿ ಮೊದಲ ನಾಲ್ಕು 3 ಕೆ.ಜಿ.ಯಂತೆ, ಉಳಿದ ನಾಲ್ಕು 1 ಕೆ.ಜಿ.ಯಂತೆ ತಂದರೆ ಒಟ್ಟು 16 ಕೆ.ಜಿ. ಹಂತ 1ರ ಪಟ್ಟಿ ಬೇರೆ ಹೇಳಿದರೆ ಅದನ್ನೇ ಕೇಳಿ, ನನ್ನ ಪಟ್ಟಿಯನ್ನಲ್ಲ.

ಕುಚ್ಚಿನ ರೇಷ್ಮೆ ದಾರಕ್ಕೆ ಲೆಕ್ಕ ತಿರುವುಮುರುವು. ಸೀರೆಯ ಅಂಚಿಗೆ, ಸೆರಗಿಗೆ ಹೊಂದುವ ಬಣ್ಣ ಸಿಗದಿದ್ದರೆ ಕುಚ್ಚು ಕಟ್ಟುವವಳು ನಿಮ್ಮ ಹತ್ತಿರ ಮತ್ತೆ ಬರುವುದಿಲ್ಲ. ಇಲ್ಲಿ ಬಣ್ಣ ಹೆಚ್ಚಿರಬೇಕು. ರೀಲು ಚಿಕ್ಕದು, ಬೆಲೆಯೂ ಕಡಿಮೆ, ಆದ್ದರಿಂದ ಐವತ್ತು ಬಣ್ಣ ಇಟ್ಟರೂ ಹೊರೆಯಾಗದು. ಬಂಗಾರದ ಬಣ್ಣದಲ್ಲೇ ಮೂರು ನಾಲ್ಕು ಛಾಯೆ ತನ್ನಿ, ಜರಿಗೆ ಹೊಂದಿಸಲು ಎಲ್ಲರೂ ಕೇಳುವುದು ಅದನ್ನೇ.

₹18,000 ಸರಕಿನ ಹಣದಲ್ಲಿ ಉಲ್ಲನ್‌ಗೆ ₹7,000, ಕುಚ್ಚಿನ ದಾರಕ್ಕೆ ₹6,000, ಮ್ಯಾಕ್ರಮೆ ಹುರಿ (ಗಂಟು ಹಾಕಿ ಅಲಂಕಾರದ ವಸ್ತು ಮಾಡುವ ದಪ್ಪ ಹುರಿ) ಅಥವಾ ಮಿಲ್ಕ್ ಕಾಟನ್‌ಗೆ ₹2,500, ಕ್ರೋಶಾ ಸೂಜಿ, ಮಣಿಗಳಿಗೆ ₹2,500 ಇಡಬಹುದು. ಮ್ಯಾಕ್ರಮೆ ಮತ್ತು ಮಿಲ್ಕ್ ಕಾಟನ್ ಎರಡನ್ನೂ ಒಟ್ಟಿಗೆ ತರಬೇಡಿ, ಒಂದನ್ನು ಆರಿಸಿ. ಸೂಜಿ ಮತ್ತು ಮಣಿ ಮರೆಯಬೇಡಿ. ಸೂಜಿಗೆಂದು ಬಂದವಳು ದಾರವನ್ನೂ ಒಯ್ಯುತ್ತಾಳೆ.

## ಹಂತ 5: ಖರೀದಿಗೆ ಎಲ್ಲಿಗೆ, ಹೇಗೆ

ಮೊದಲು ಕಲಬುರಗಿಯ ಸೂಪರ್ ಮಾರ್ಕೆಟ್, ಕಪಡಾ ಬಜಾರ್ ಸುತ್ತಿ ಕಿರಕೋಳ ಬೆಲೆ ಬರೆದುಕೊಳ್ಳಿ. ಅದೇ ನೀವು ಮಾರಬಹುದಾದ ಗರಿಷ್ಠ ಬೆಲೆ. ಅದು ಗೊತ್ತಿಲ್ಲದೆ ಹೊರ ಊರಿಗೆ ಹೋದರೆ ಹೋಲ್‌ಸೇಲ್‌ನವರು ಹೇಳಿದ್ದೆಲ್ಲ ಅಗ್ಗ ಅನ್ನಿಸುತ್ತದೆ.

ಹತ್ತಿ ನೂಲಿಗೆ ಸೊಲ್ಲಾಪುರ ಹತ್ತಿರ. ಚಾದರ, ಟವೆಲ್ ನೇಯುವ ಊರಾದ್ದರಿಂದ ಕೋನುಗಳಲ್ಲಿ ಸುತ್ತಿದ ನೂಲು ಅಲ್ಲಿ ಸಿಗುತ್ತದೆ. ಕುಚ್ಚಿನ ದಾರ, ಮಣಿ, ಉಲ್ಲನ್ ಮೂರೂ ಒಂದೇ ಓಡಾಟದಲ್ಲಿ ಬೇಕೆಂದರೆ ಹೈದರಾಬಾದಿನ ಬೇಗಂ ಬಜಾರ್ ಕಡೆ ಹೋಗಿ. ಕೈ ಹೆಣಿಗೆಯ ಉಲ್ಲನ್ ಹೆಚ್ಚಾಗಿ ತಯಾರಾಗುವುದು ಪಂಜಾಬಿನ ಲುಧಿಯಾನದಲ್ಲಿ. ಆದರೆ 16 ಕೆ.ಜಿ. ಮಾಲಿಗೆ ಅಲ್ಲಿಂದ ತರಿಸುವುದು ಲಾಭವಲ್ಲ. ಸಾಗಣೆ ಖರ್ಚು ತಿಂದುಹಾಕುತ್ತದೆ, ಬಣ್ಣವನ್ನೂ ಕಣ್ಣಾರೆ ನೋಡಿದಂತಾಗುವುದಿಲ್ಲ.

ರೈಲಿನಲ್ಲಿ ಹೋಗಿ ಬನ್ನಿ. ಎರಡನೇ ದರ್ಜೆಯಲ್ಲಿ ಒಬ್ಬರಿಗೆ 35 ಕೆ.ಜಿ. ಉಚಿತವಿರುವುದು ಸ್ವಂತ ಸಾಮಾನಿಗೆ, ಆದ್ದರಿಂದ ವ್ಯಾಪಾರದ ಮಾಲನ್ನು ಹೇಗೆ ತರಬೇಕೆಂದು ನಿಲ್ದಾಣದಲ್ಲೇ ಕೇಳಿಕೊಳ್ಳಿ.  ಉಲ್ಲನ್ ಹಗುರ, ಗಾತ್ರ ಮಾತ್ರ ದೊಡ್ಡದು. ಎರಡು ಗಟ್ಟಿ ಚೀಲ, ಹುರಿ ಜೊತೆಗಿರಲಿ. ಶಕ್ತಿ ಯೋಜನೆಯ ಉಚಿತ ಬಸ್ಸು ರಾಜ್ಯದೊಳಗಿನ ಪ್ರಯಾಣಕ್ಕೆ ಮಾತ್ರ ಎಂಬುದು ನೆನಪಿರಲಿ. ಸೊಲ್ಲಾಪುರ, ಹೈದರಾಬಾದಿಗೆ ಅದು ನಡೆಯದು. ಆದರೆ ಆಳಂದ, ಸೇಡಂ, ಚಿತ್ತಾಪುರದ ಗಿರಾಕಿಗಳು ನಿಮ್ಮ ಹತ್ತಿರ ಬರಲು, ನೀವು ಅವರ ಹತ್ತಿರ ಹೋಗಲು ಅದು ದೊಡ್ಡ ಅನುಕೂಲ.

ಬಿಲ್ ಇಲ್ಲದೆ ಮಾಲು ತರಬೇಡಿ. “ಬಿಲ್ ಬ್ಯಾಡಂದ್ರ ಇನ್ನೂ ಕಡಿಮಿ” ಎನ್ನುವವರಿದ್ದಾರೆ. ಮಾಲು ಕೆಟ್ಟಿದ್ದರೆ ಮರಳಿಸಲು ನಿಮ್ಮ ಹತ್ತಿರ ಇರುವ ಒಂದೇ ಆಧಾರ ಆ ಬಿಲ್.

## ಹಂತ 6: ಕೊಳ್ಳುವ ಮುಂಚೆ ನಾಲ್ಕು ಪರೀಕ್ಷೆ

ಇವನ್ನು ಅಂಗಡಿಯಲ್ಲೇ ಮಾಡಿ. ಒಳ್ಳೆಯ ವ್ಯಾಪಾರಿ ಬೇಡ ಅನ್ನುವುದಿಲ್ಲ. ಬೇಡ ಅಂದರೆ ಅಲ್ಲಿಂದ ಎದ್ದು ಬನ್ನಿ.

ಸುಡುವ ಪರೀಕ್ಷೆ: ಒಂದು ಗೇಣು ದಾರ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ಹೊರಗೆ ನಿಂತು ತುದಿಗೆ ಕಡ್ಡಿ ಗೀರಿ. ಕೂದಲು ಸುಟ್ಟ ವಾಸನೆ ಬಂದು, ಬೆಂಕಿ ತಾನೇ ಆರಿ, ಬೆರಳಲ್ಲಿ ಪುಡಿಯಾಗುವ ಬೂದಿ ಉಳಿದರೆ ಅದು ಕುರಿಯ ಉಣ್ಣೆ. ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ ಬಂದರೆ ಹತ್ತಿ. ಕರಗಿ ಕಪ್ಪು ಗಟ್ಟಿ ಗುಳಿಗೆಯಾದರೆ ಅಕ್ರಿಲಿಕ್ ಅಥವಾ ಬೇರೆ ಕೃತಕ ನೂಲು. ಉಲ್ಲನ್ ಎಂಬ ಹೆಸರಲ್ಲಿ ಮಾರುವುದರಲ್ಲಿ ಬಹುಪಾಲು ಅಕ್ರಿಲಿಕ್ಕೇ. ಅದರಲ್ಲಿ ತಪ್ಪಿಲ್ಲ. ತೋರಣಕ್ಕೆ, ಗೊಂಡೆಗೆ ಅದೇ ಸರಿ. ಅಕ್ರಿಲಿಕ್ ಅನ್ನು ಉಣ್ಣೆಯ ಬೆಲೆಗೆ ಕೊಳ್ಳುವುದು, ಉಣ್ಣೆ ಎಂದು ಹೇಳಿ ಮಾರುವುದು ಮಾತ್ರ ತಪ್ಪು.

ಬಣ್ಣ ಬಿಡುವ ಪರೀಕ್ಷೆ: ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ದಾರದ ಮೇಲೆ ಇಪ್ಪತ್ತು ಸಲ ಗಟ್ಟಿಯಾಗಿ ತಿಕ್ಕಿ. ಕೆಂಪು, ಕಪ್ಪು, ರಾಣಿ ಬಣ್ಣಗಳಲ್ಲಿ ಇದನ್ನು ತಪ್ಪಿಸಲೇಬೇಡಿ. ಕುಚ್ಚಿನ ಕೆಂಪು ದಾರ ಬಣ್ಣ ಬಿಟ್ಟು ರೇಷ್ಮೆ ಸೀರೆಯ ಅಂಚಿಗೆ ಹತ್ತಿದರೆ ಆ ಸೀರೆಯ ಬೆಲೆ ತುಂಬಿಕೊಡುವ ಶಕ್ತಿ ನಿಮ್ಮ ಹತ್ತಿರವೂ ಇಲ್ಲ, ಕುಚ್ಚು ಕಟ್ಟಿದವಳ ಹತ್ತಿರವೂ ಇಲ್ಲ. ಬಟ್ಟೆಗೆ ತಿಳಿಯಾಗಿ ಬಣ್ಣ ಹತ್ತಿದರೂ ಆ ರೀಲು ಬಿಟ್ಟುಬಿಡಿ.

ಉದ್ದದ ಪರೀಕ್ಷೆ: ನೀವು ಕೊಳ್ಳುವುದು ತೂಕದಲ್ಲಿ, ಹೆಣೆಯುವವರಿಗೆ ಬೇಕಾದದ್ದು ಉದ್ದ. 10 ಮೀಟರ್ ಅಳೆದು ತೂಗಿ. 4 ಗ್ರಾಂ ಬಂದರೆ 100 ಗ್ರಾಂನಲ್ಲಿ 250 ಮೀಟರ್. 5 ಗ್ರಾಂ ಬಂದರೆ 200 ಮೀಟರ್ ಮಾತ್ರ. ಎರಡಕ್ಕೂ ಕಿಲೋ ಬೆಲೆ ಒಂದೇ ಇದ್ದರೆ, ದಪ್ಪ ದಾರವೇ ಬೇಕು ಎನ್ನದ ಗಿರಾಕಿಗೆ ಮೊದಲನೆಯದೇ ಲಾಭ.

ಒದ್ದೆಯ ಪರೀಕ್ಷೆ ಹತ್ತಿ ನೂಲಿಗೆ. ಹತ್ತಿ ಗಾಳಿಯ ತೇವ ಹೀರುತ್ತದೆ. ಒಣಗಿದ ನೂಲಿನ ತೂಕದ 8.5% ತೇವವನ್ನು ವ್ಯಾಪಾರದಲ್ಲಿ ಸಹಜವೆಂದೇ ಒಪ್ಪುತ್ತಾರೆ. ಅದಕ್ಕಿಂತ ಹೆಚ್ಚಿದ್ದರೆ ನೀವು ನೀರಿಗೆ ರೊಕ್ಕ ಕೊಟ್ಟಂತೆ. ಕೋನಿನ ಒಳಗೆ ಬೆರಳು ತೂರಿಸಿ ನೋಡಿ. ತಣ್ಣಗೆ, ಮೆತ್ತಗೆ ಅನ್ನಿಸಿದರೆ, ಮುಗ್ಗಲು ವಾಸನೆ ಬಂದರೆ ಬೇಡ. ಮಳೆಗಾಲದಲ್ಲಿ ಇದು ತುಂಬ ಮುಖ್ಯ.

## ಹಂತ 7: ಲಾಟ್ ನಂಬರ್ ಕಾಯ್ದುಕೊಳ್ಳಿ

ಒಂದೇ ಬಣ್ಣವನ್ನು ಮಿಲ್ಲಿನಲ್ಲಿ ಬೇರೆ ಬೇರೆ ಸಲ ಅದ್ದಿದಾಗ ಛಾಯೆ ತುಸು ಬದಲಾಗುತ್ತದೆ. ಪ್ರತಿ ಸಲದ ಅದ್ದಿಗೆಗೆ ಒಂದು ಲಾಟ್ ನಂಬರ್. ಪಾಕೀಟಿನ ಚೀಟಿಯ ಮೇಲೆ ಬಣ್ಣದ ನಂಬರಿನ ಪಕ್ಕದಲ್ಲಿ ಅದು ಇರುತ್ತದೆ. ಒಂದು ಬಣ್ಣದ 3 ಕೆ.ಜಿ.ಯೂ ಒಂದೇ ಲಾಟಿನದ್ದಾಗಿರಲಿ.

ಅಂಗಡಿಯಲ್ಲಿ ದಿನಾ ನಡೆಯುವ ಮಾತು ಹೀಗಿರುತ್ತದೆ. ಗಿರಾಕಿ ಅರ್ಧ ಹೆಣೆದ ತೋರಣವನ್ನು ಸೆರಗಿನಲ್ಲಿ ಸುತ್ತಿಕೊಂಡು ಬರುತ್ತಾಳೆ, “ಅಕ್ಕಾ, ಇದೇ ಬಣ್ಣ ಇನ್ನೊಂದು ಉಂಡಿ ಅದ ಏನ್ರಿ?” ಟ್ಯೂಬ್‌ಲೈಟ್ ಕೆಳಗೆ ಎರಡೂ ಒಂದೇ ಕಾಣುತ್ತವೆ. ಹೊಸ್ತಿಲ ಹೊರಗೆ ಹಗಲಿನ ಬೆಳಕಿಗೆ ಹಿಡಿದರೆ ಒಂದು ಕೇಸರಿಯಲ್ಲಿ ಕೆಂಪು ಹೆಚ್ಚು. ಹೆಣೆದ ಮೇಲೆ ಅದು ಅಡ್ಡಗೆರೆಯಾಗಿ ಎದ್ದು ಕಾಣುತ್ತದೆ, ದೂರು ನಿಮ್ಮ ಮೇಲೆ ಬರುತ್ತದೆ.

ಅದಕ್ಕೇ ಮೂರು ಅಭ್ಯಾಸ ಮಾಡಿಕೊಳ್ಳಿ. ಬಣ್ಣ ಯಾವಾಗಲೂ ಹಗಲಿನ ಬೆಳಕಿನಲ್ಲಿ ತೋರಿಸಿ. ಬಿಡಿಸಿ ಮಾರುವ ಪ್ರತಿ ಉಂಡೆಗೂ ಲಾಟ್ ನಂಬರಿನ ಚೀಟಿ ಕಟ್ಟಿ. ಕೊಳ್ಳುವವಳಿಗೆ ಎಷ್ಟು ಬೇಕಾಗಬಹುದೆಂದು ಕೇಳಿ ಒಂದು ಉಂಡೆ ಹೆಚ್ಚಿಗೇ ಕೊಟ್ಟು, ಬಳಸದಿದ್ದರೆ ಹದಿನೈದು ದಿನದಲ್ಲಿ ಮರಳಿಸಬಹುದು ಎನ್ನಿ. ಈ ಒಂದು ಮಾತಿಗೇ ಗಿರಾಕಿ ನಿಲ್ಲುತ್ತಾಳೆ. ಹಳೆ ಲಾಟು ಮುಗಿಯುವವರೆಗೆ ಹೊಸದನ್ನು ಅದೇ ಡಬ್ಬಿಗೆ ಸುರಿಯಬೇಡಿ.

## ಹಂತ 8: ಸುತ್ತಿ, ತೂಗಿ, ಬೆಲೆ ಕಟ್ಟುವುದು

ಕೋನು, ದೊಡ್ಡ ಲಡಿಯಿಂದ 50 ಗ್ರಾಂ ಉಂಡೆ ಮಾಡಿಕೊಂಡರೆ ಮಾರಾಟ ಸುಲಭ. ಬಿಗಿಯಾಗಿ ಸುತ್ತಬೇಡಿ. ಎಳೆದು ಸುತ್ತಿದ ಅಕ್ರಿಲಿಕ್ ಹೆಣೆದ ಮೇಲೆ ಕುಗ್ಗುತ್ತದೆ. ಗಂಟು ಬಂದರೆ ಅಲ್ಲೇ ಕತ್ತರಿಸಿ ಬೇರೆ ಉಂಡೆ ಮಾಡಿ. ಒಳಗೆ ಗಂಟು ಮುಚ್ಚಿಟ್ಟು ಮಾರಿದರೆ ಗಿರಾಕಿ ಎರಡನೇ ಸಲ ಬರುವುದಿಲ್ಲ.

ಬೆಲೆಯನ್ನು ಹೀಗೆ ಕಟ್ಟಿ. ಉದಾಹರಣೆಗೆ ಕಿಲೋ ಉಲ್ಲನ್ ₹400 ಎಂದುಕೊಳ್ಳಿ. 5% ಜಿಎಸ್‌ಟಿ ₹20. 2025ರ ಸೆಪ್ಟೆಂಬರ್ 22ರಿಂದ ಕೃತಕ ನೂಲಿನ ತೆರಿಗೆ 12%ರಿಂದ 5%ಕ್ಕೆ ಇಳಿದಿದೆ, ಹಳೆ ದರ ಹಾಕಿದ ಬಿಲ್ ಒಪ್ಪಬೇಡಿ. ಸಾಗಣೆ ₹20, ಚೀಲ ಚೀಟಿ ₹20 ಸೇರಿ ₹460. ಇಪ್ಪತ್ತು ಉಂಡೆಯಾದರೆ ಒಂದಕ್ಕೆ ₹23 ಬಿತ್ತು. ಈಗ ₹28ಕ್ಕೆ ಮಾರಿದರೆ ಐದು ರೂಪಾಯಿ ಲಾಭ ಅನ್ನಿಸುತ್ತದೆ. ಆದರೆ ಮೂರು ಉಂಡೆ ಉಳಿದುಬಿಟ್ಟರೆ ಹದಿನೇಳಕ್ಕೆ ಬಂದದ್ದು ₹476. ಇಡೀ ಕಿಲೋಗೆ ಉಳಿದದ್ದು ₹16. ಅದೇ ₹32ಕ್ಕೆ ಮಾರಿದ್ದರೆ ₹84. ಉಳಿಯುವ ಮಾಲನ್ನು ಲೆಕ್ಕಕ್ಕೆ ಹಿಡಿದೇ ಬೆಲೆ ಇಡಬೇಕು. ನಿಮಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ ಕೊಟ್ಟ ತೆರಿಗೆ ಮರಳಿ ಬರುವುದಿಲ್ಲ, ಅದೂ ಅಸಲಿನ ಭಾಗವೇ.

## ಹಂತ 9: ಕಾಗದಪತ್ರ

ಮನೆಯಿಂದ ಶುರು ಮಾಡುವಾಗ ಆಧಾರ್ ಬಳಸಿ ಆನ್‌ಲೈನ್‌ನಲ್ಲಿ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಮಾಡಿಸಿ. ಸರ್ಕಾರಿ ಪೋರ್ಟಲ್‌ನಲ್ಲಿ ಅದಕ್ಕೆ ಶುಲ್ಕವಿಲ್ಲ. ಮುಂದೆ ಅಂಗಡಿ ಹಿಡಿದರೆ ಮಹಾನಗರ ಪಾಲಿಕೆಯ ವ್ಯಾಪಾರ ಪರವಾನಗಿ ಬೇಕು, ನಾಮಫಲಕದಲ್ಲಿ 60% ಕನ್ನಡ ಇರಬೇಕು.

ರಾಜ್ಯದೊಳಗೇ ಸರಕು ಮಾರುವವರಿಗೆ ವರ್ಷದ ವಹಿವಾಟು ₹40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ಗಡಿ ಭಾಗದ ನಮಗೆ ಒಂದು ಎಚ್ಚರ: ಸೊಲ್ಲಾಪುರಕ್ಕೋ ಜಹೀರಾಬಾದಿಗೋ ಪಾರ್ಸೆಲ್ ಕಳಿಸಿ ಮಾರಿದರೆ ಅದು ಅಂತರರಾಜ್ಯ ವ್ಯಾಪಾರ, ಮೊತ್ತ ಎಷ್ಟೇ ಚಿಕ್ಕದಿರಲಿ ನೋಂದಣಿ ಬೇಕಾಗುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಆರ್ಡರ್ ಹಿಡಿಯುವವರು ಇದನ್ನು ಗಮನಿಸುವುದೇ ಇಲ್ಲ.

ವ್ಯಾಪಾರದ ಯುಪಿಐಗೆ ಬೇರೆ ಖಾತೆ ಇರಲಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತ್ತು. ಮನೆಯ ರೊಕ್ಕ, ಅಂಗಡಿಯ ರೊಕ್ಕ ಒಂದೇ ಖಾತೆಯಲ್ಲಿ ಬೆರೆತಿದ್ದರೆ ವಿವರಣೆ ಕೊಡುವುದು ಕಷ್ಟ. ತಕ್ಕಡಿಗೆ ತೂಕ ಅಳತೆ ಪರೀಕ್ಷಿಸುವ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಹಾಕಿಸಿ. ಉಂಡೆಗಳನ್ನು ಮೊದಲೇ ಪ್ಯಾಕ್ ಮಾಡಿ ಇಟ್ಟರೆ ಮೇಲೆ ತೂಕ, ಎಂ.ಆರ್.ಪಿ., ಪ್ಯಾಕ್ ಮಾಡಿದವರ ಹೆಸರು ವಿಳಾಸ, ತಿಂಗಳು ವರ್ಷ, ದೂರಿಗೆ ಸಂಪರ್ಕ ಬರೆದಿರಬೇಕು.

## ಹಂತ 10: ಮಾರಾಟ

ಗಟ್ಟಿ ರಟ್ಟಿನ ಮೇಲೆ ಪ್ರತಿ ಬಣ್ಣದ ಬೆರಳುದ್ದದ ದಾರ ಕಟ್ಟಿ ನಂಬರ್ ಹಾಕಿ. ಅಂಥ ನಾಲ್ಕೈದು ಬಣ್ಣದ ಕಾರ್ಡು ಮಾಡಿ ಹೆಚ್ಚು ಕೊಳ್ಳುವವರ ಮನೆಯಲ್ಲೇ ಬಿಟ್ಟುಬನ್ನಿ. ವಾಟ್ಸ್ಆ್ಯಪ್ ಫೋಟೋದಲ್ಲಿ ಬಣ್ಣ ಸರಿಯಾಗಿ ಬರುವುದಿಲ್ಲ. ಕಾರ್ಡು ಇದ್ದರೆ “ಹದಿನೇಳನೇ ನಂಬರ್ ನಾಲ್ಕು ಕೊಡ್ರಿ” ಎಂಬ ಒಂದು ಮೆಸೇಜಿನಲ್ಲಿ ಕೆಲಸ ಮುಗಿಯುತ್ತದೆ.

ಉದ್ರಿ ವಿಚಾರದಲ್ಲಿ ಗಟ್ಟಿಯಾಗಿರಿ. ಪೂರ್ತಿ ಉದ್ರಿ ಇಲ್ಲ ಅಂದರೆ ನಮ್ಮ ಕಡೆ ವ್ಯಾಪಾರ ನಡೆಯದು. ಆದರೆ ಹಳೆಯದು ತೀರಿಸದೆ ಹೊಸದು ಇಲ್ಲ ಎಂಬ ನಿಯಮ ಮೊದಲ ದಿನದಿಂದ ಇರಲಿ, ಅಕ್ಕ ತಂಗಿಯರಿಗೂ ಇರಲಿ. ಉದ್ರಿಯ ಒಟ್ಟು ಮೊತ್ತ ಯಾವಾಗಲೂ ₹2,000 ದಾಟಬಾರದು.

ಕೂಸುಗಳ ಬಟ್ಟೆಗೆಂದು ಕೇಳಿದರೆ ರೋಮ ಉದುರುವ ನೂಲು ಕೊಡಬೇಡಿ. ಕೂಸಿನ ಬಾಯಿಗೆ, ಮೂಗಿಗೆ ಹೋಗುತ್ತದೆ. ಆ ಡಬ್ಬಿಗಳಲ್ಲಿ ನುಸಿ ಗುಳಿಗೆಯನ್ನೂ ಹಾಕಬೇಡಿ. ಅದರಲ್ಲಿರುವ ನ್ಯಾಫ್ತಲಿನ್ ಕೆಲವು ಶಿಶುಗಳ ರಕ್ತಕ್ಕೆ ನಿಜವಾಗಿಯೂ ಅಪಾಯಕಾರಿ. ಹುಳ ತಿನ್ನುವುದು ಕುರಿಯ ಉಣ್ಣೆಯನ್ನು, ಅಕ್ರಿಲಿಕ್‌ಗೆ ಅದರ ಕಾಟ ಇಲ್ಲವೆನ್ನುವಷ್ಟು ಕಡಿಮೆ. ನಿಮ್ಮ ಮಾಲಿಗೆ ನಿಜವಾದ ಶತ್ರು ಇಲಿ.

## ಹಂತ 11: ಎರಡನೇ ಖರೀದಿ

ಪ್ರತಿ ಮಾರಾಟವನ್ನೂ ಬಣ್ಣದ ನಂಬರಿನ ಎದುರು ಗೀಟು ಹಾಕಿ ಬರೆಯಿರಿ. ಒಂದೂವರೆ ತಿಂಗಳಾದ ಮೇಲೆ ಆ ಪುಟ ನೋಡಿ. ಮುಕ್ಕಾಲು ಖಾಲಿಯಾದ ಬಣ್ಣವನ್ನು ಮಾತ್ರ ಮತ್ತೆ ತನ್ನಿ. ಒಂದೂ ಗೀಟು ಬೀಳದ ಬಣ್ಣವನ್ನು ಇನ್ನೊಂದು ತಿಂಗಳು ಕಾಯದೆ ಅಸಲಿಗೆ ಮಾರಿ, ಅಥವಾ ಓಡುವ ಬಣ್ಣಗಳ ಜೊತೆ ತೋರಣದ ಕಟ್ಟು ಮಾಡಿ ಕೊಡಿ. ಒಂದು ಖರೀದಿಗೆ ಎರಡಕ್ಕಿಂತ ಹೆಚ್ಚು ಹೊಸ ಬಣ್ಣ ಸೇರಿಸಬೇಡಿ.

ಹಬ್ಬದ ಮಾಲು ಹಬ್ಬಕ್ಕೆ ಆರು ವಾರ ಮುಂಚೆ ನಿಮ್ಮ ಹತ್ತಿರ ಇರಬೇಕು, ಏಕೆಂದರೆ ಹೆಣೆಯುವವರಿಗೆ ಹೆಣೆಯಲು, ಮಾರಲು ಸಮಯ ಬೇಕು. ಗೊಂಡೆಯ ಉಲ್ಲನ್ ಏಪ್ರಿಲ್ ಕೊನೆಗೆ, ತೋರಣದ್ದು ಆಷಾಢದಲ್ಲಿ, ಕುಲಾಯಿಯದ್ದು ದೀಪಾವಳಿ ಆಗುತ್ತಲೇ. ಹೋಲಿ ಹುಣ್ಣಿಮೆಯ ನಂತರ ಶರಣಬಸವೇಶ್ವರ ಜಾತ್ರೆಗೆ ಬರುವ ಜನ ಮಾಡಿದ ವಸ್ತು ಕೊಳ್ಳುತ್ತಾರೆ, ನೂಲನ್ನಲ್ಲ. ಆದ್ದರಿಂದ ಅಲ್ಲಿ ನೀವು ಮಳಿಗೆ ಹಾಕುವ ಬದಲು, ಹಾಕುವವರಿಗೆ ಜನವರಿಯಲ್ಲೇ ನೂಲು ಮುಟ್ಟಿಸಿ.

ಅಂಗಡಿ ಯಾವಾಗ ಹಿಡಿಯಬೇಕು? ಸತತ ಮೂರು ತಿಂಗಳು ಎಲ್ಲ ಖರ್ಚು ಕಳೆದು ಉಳಿದ ಲಾಭ, ಕೇಳುತ್ತಿರುವ ಬಾಡಿಗೆಯ ಎರಡು ಪಟ್ಟು ಇದ್ದಾಗ. ಅಲ್ಲಿಯವರೆಗೆ ಮನೆಯ ಮುಂದಿನ ಕೋಣೆ, ಮುಚ್ಚಳದ ಡಬ್ಬಿ, ಬಣ್ಣದ ಕಾರ್ಡು ಸಾಕು.